ನಡುಗೋಡೆಯ ಗೂಡು

೫ ಸೆಪ್ಟೆಂಬರ್ ೧೯೮೭, ಶನಿವಾರ

ಟೀವಿ ಬಂತು. ಶಿವಮೊಗ್ಗದಿಂದ ಸಾಗರದವರೆಗೆ ಬಸ್ಸಿನಲ್ಲಿ ಅದನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಹೊಸ ಹೆಂಡತಿಯನ್ನು ಕರೆತರುವವನ ಹಾಗೆ ಒಂದು ಕೈ ಬಳಸಿ ಹಿಡಿದುಕೊಂಡೇ ಬಂದೆ. ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿದ. ಜಲಜ ಹೊಸ್ತಿಲಲ್ಲಿ ಆರತಿ ಎತ್ತಿ ಪೆಟ್ಟಿಗೆಗೆ ಕುಂಕುಮ ಹಚ್ಚಿದಳು. ಅಮ್ಮ ಹಿಂದೆ ನೇತಾಡುವ ತಂತಿಗಳನ್ನು ನೋಡಿ, ‘ಇದಕ್ಕೆ ಎರಡು ಬಾಲ ಅದೆಯಲ್ಲಾ ಮಂಜಾ’ ಅಂದಳು.

ಆ ಬಾಲಗಳೇ ನನ್ನ ತಲೆನೋವು. ಹೋದ ವರ್ಷ ಬೆಂಗಳೂರಿನಲ್ಲಿ ನಮ್ಮ ಸಾಹೇಬರ ಭಾವನ ಮನೆಗೆ ಹೋಗಿದ್ದೆ. ಅವರು ಗೋಡೆಯಲ್ಲಿ ಗೂಡು ಕೊರೆಸಿ ಟೀವಿಯನ್ನು ಒಳಗೆ ಕೂರಿಸಿದ್ದರು. ಗೋಡೆಗೆ ಸಮನಾಗಿ ಮುಖವೊಂದೇ ಕಾಣುತ್ತಿತ್ತು. ಹುಡುಕಿದರೂ ಒಂದು ತಂತಿ ಇಲ್ಲ. ಅವತ್ತೇ ತೀರ್ಮಾನ ಮಾಡಿದ್ದೆ, ಕೊಂಡರೆ ಹೀಗೆ, ಇಲ್ಲದಿದ್ದರೆ ಬೇಡವೇ ಬೇಡ.

ಅದಕ್ಕೆ ನಮ್ಮ ಹಜಾರದಲ್ಲಿ ಇರುವುದು ನಡುಗೋಡೆ ಒಂದೇ. ಉಳಿದ ಗೋಡೆಗಳನ್ನು ಕಿಟಕಿ ಬಾಗಿಲುಗಳೇ ತಿಂದುಹಾಕಿವೆ. ಅಪ್ಪ ತೀರಿಕೊಂಡು ಅಣ್ಣ ಸುಬ್ಬಪ್ಪನೂ ನಾನೂ ಪಾಲಾದಾಗ, ಅಪ್ಪ ಗಂಧದ ಕೆತ್ತನೆ ಮಾಡುತ್ತಿದ್ದ ಉದ್ದನೆಯ ಹಜಾರದ ಮಧ್ಯಕ್ಕೆ ಹಸಿ ಇಟ್ಟಿಗೆಯ ದಪ್ಪ ಗೋಡೆ ಎಬ್ಬಿಸಿದ್ದೆವು. ಆಚೆ ಅಣ್ಣ, ಅತ್ತಿಗೆ ವರದಮ್ಮ, ಅಣ್ಣನ ಕೆತ್ತನೆ. ಈಚೆ ಜಲಜ, ನಾನು, ನನ್ನ ಕಚೇರಿಯ ಗುಮಾಸ್ತಿಕೆ. ಅಮ್ಮ ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ. ಅಮಾವಾಸ್ಯೆ ಕಳೆದ ಪಾಡ್ಯಕ್ಕೆ ತನ್ನ ಟ್ರಂಕು ಎತ್ತಿಕೊಂಡು ಹೊರಡುತ್ತಾಳೆ. ನಡುಗೋಡೆಗೆ ಮೊಳೆ ಹೊಡೆಯಬೇಕಾದರೂ ಇಬ್ಬರೂ ಒಪ್ಪಬೇಕು ಎಂದು ಹಿರಿಯರ ಮುಂದೆ ವೀಳ್ಯ ಹಿಡಿದು ಮಾತಾಗಿದೆ.

ಅಪ್ಪನ ಹತ್ಯಾರಗಳೂ ಪಾಲಾದವು. ಉಳಿಗಳೆಲ್ಲ ಅಣ್ಣನಿಗೆ. ಉಳಿಯ ತಲೆಗೆ ಬಡಿಯುವ ಮರದ ಕೊಡತಿ ನನಗೆ. ಕೆತ್ತಲು ಬಾರದವನಿಗೆ ಕೊಡತಿ ಯಾಕೆ ಎಂದು ನೆಂಟರು ನಕ್ಕಾಗ ಅಣ್ಣ, ‘ಅದೂ ಅಪ್ಪಂದೇ ಅಲ್ದಾ, ಇಟ್ಕಳ್ಳಲಿ’ ಅಂದಿದ್ದ. ಆಯುಧಪೂಜೆಯ ದಿನ ಮಾತ್ರ ಅದು ಆಚೆ ಹೋಗಿ, ಉಳಿಗಳ ಪಕ್ಕ ಕೂತು, ಕುಂಕುಮ ಹಚ್ಚಿಸಿಕೊಂಡು ಬರುತ್ತದೆ.

ಆ ಕೊಡತಿ ಉಳಿಯ ಮೇಲೆ ಬಿದ್ದಷ್ಟೇ ನಮ್ಮ ಬೆನ್ನ ಮೇಲೂ ಬಿದ್ದಿದೆ. ಅಪ್ಪ ಒಳಗೆ ಬರುವ ಸದ್ದಾದರೆ ಸಾಕು, ಅಮ್ಮನ ಎಡಗೈ ತಾನಾಗಿ ಎದ್ದು ಮುಖಕ್ಕೆ ಅಡ್ಡ ಬರುತ್ತಿತ್ತು. ಕೈಯಲ್ಲಿ ಸಟ್ಟುಗ ಇದ್ದರೆ ಸಟ್ಟುಗದ ಸಮೇತ. ಹೊಡೆದು ಮುಗಿದ ಮೇಲೆ ಅಪ್ಪ ‘ಕೈ ಜಾರ್ತು’ ಎನ್ನುತ್ತಿದ್ದ. ನೆರೆಯವರು ಕೇಳಿದರೆ ಅಮ್ಮನೂ ಅದನ್ನೇ ಹೇಳುತ್ತಿದ್ದಳು. ನನಗೆ ಬೀಳಬೇಕಾದ ಏಟನ್ನು ಎಷ್ಟೋ ಸಲ ಅಣ್ಣ ಕೈ ಅಡ್ಡ ಹಿಡಿದು ತಿಂದಿದ್ದಾನೆ. ದೇವರ ದಯೆ, ಅಪ್ಪನ ಸಿಟ್ಟು ನನಗೆ ಬರಲಿಲ್ಲ. ಇವತ್ತು ಸೊಳ್ಳೆ ಹೊಡೆಯಲು ಹೋಗಿ ನನ್ನ ಕೆನ್ನೆಗೇ ಹೊಡೆದುಕೊಂಡೆ. ಜಲಜ, ‘ನಿಮಗೆ ಸೊಳ್ಳೆ ಹೊಡಿಯಕ್ಕೂ ಬರದಿಲ್ಲ’ ಎಂದು ನಕ್ಕಳು.

೯ ಸೆಪ್ಟೆಂಬರ್, ಬುಧವಾರ

ಟೀವಿ ರಿಪೇರಿಯ ಹೇರಂಬ ಬಂದು ಹಂಚಿನ ಮಾಡಿನ ಮೇಲೆ ಉದ್ದನೆಯ ಕಂಬ ಕಟ್ಟಿ ಆಂಟೆನಾ ನಿಲ್ಲಿಸಿದ. ಅವನು ಮೇಲಿಂದ ‘ಬಂತಾ?’ ಅನ್ನುವುದು, ನಾವು ಕೆಳಗಿಂದ ‘ಹೋತು’ ಅನ್ನುವುದು, ಅರ್ಧ ದಿನ ಇದೇ ಆಯಿತು. ಕೊನೆಗೆ ಸುದ್ದಿ ಓದುವ ಹೆಂಗಸಿನ ಮುಖ ಕಂಡಿತು. ಅಮ್ಮ ಅವಳಿಗೆ ಕೈ ಮುಗಿದಳು.

ಗೂಡಿನ ವಿಷಯ ಕೇಳಿ ಹೇರಂಬ ತಲೆ ಕೆರೆದುಕೊಂಡ. ‘ಟೀವಿಗೆ ಹಿಂದ್ಗಡೆ ಗೂನು ಅದೆ ಸಾರ್. ಅರ್ಧ ಗೋಡೆ ಕೊರದ್ರೆ ಸಾಲದಿಲ್ಲ, ಆಚೆ ಮೈವರೆಗೂ ಹೋಗ್ಬೇಕಾಗ್ತದೆ. ಬೆಂಚಿನ ಮೇಲೇ ಇಟ್ಕಳಿ, ತಂತಿನ ಕಿಟಕಿ ಮೇಲಿಂದ ತಂದು ಕೊಡ್ತೀನಿ.’ ನಾನು ಒಪ್ಪಲಿಲ್ಲ. ಗೋಡೆಯ ದಪ್ಪದಲ್ಲಿ ಅರ್ಧ ನನ್ನದು, ಅರ್ಧ ಅಣ್ಣನದು. ನನ್ನ ಅರ್ಧವನ್ನು ಮೊದಲು ತೆಗೆದರೆ ಉಳಿದದ್ದು ಆಮೇಲೆ ನೋಡಿದರಾಯಿತು.

೧೩ ಸೆಪ್ಟೆಂಬರ್, ಭಾನುವಾರ

ಅಣ್ಣನನ್ನು ಕೇಳಿದೆ. ಅವನು ಗಂಧದ ಮಂಟಪ ಕೆತ್ತುತ್ತಿದ್ದಾನೆ. ಮುಂಬೈಯವರು ಯಾರೋ ಹೇಳಿ ಮಾಡಿಸುತ್ತಿರುವುದು, ವರ್ಷವಿಡೀ ಅದೇ ಕೆಲಸ. ಬಿಸಿಲು ತಾಗಿ ಮರ ಸೀಳಬಾರದು ಎಂದು ಅದನ್ನು, ನನ್ನನ್ನು ಕೇಳಿಯೇ ನಡುಗೋಡೆಗೆ ಹೊಡೆದ ಹಲಗೆಯ ಮೇಲೆ ಇಟ್ಟಿದ್ದಾನೆ. ಸರಿಯಾಗಿ ನನ್ನ ಗೂಡು ಬರಬೇಕಾದ ಜಾಗದ ಬೆನ್ನಿಗೆ.

‘ದೀಪಾವಳಿಗೆ ಮುಗೀತದೆ’ ಅಂದ. ‘ಆಮೇಲೆ ನಾನೇ ಕೊರೆದು ಕೊಡ್ತೀನಿ. ಅಲ್ಲೀವರೆಗೆ ಗೋಡೆಗೆ ಕೈ ಹಚ್ಬೇಡ ಮಾರಾಯ. ಈಗ ಬಳ್ಳಿ ಬಿಡಿಸ್ತಿದೀನಿ, ಚೂರು ಅಲುಗಿದ್ರೂ ಕಂಬ ಮುರೀತದೆ.’

ದೀಪಾವಳಿಗೆ ಯಾರು ಕಾಯುತ್ತಾರೆ? ಅಕ್ಟೋಬರಿಗೆ ವಿಶ್ವಕಪ್ ಶುರು. ಗೋಡೆಯೊಳಗಿನ ಟೀವಿಯಲ್ಲಿ ಮ್ಯಾಚ್ ತೋರಿಸುತ್ತೇನೆ ಎಂದು ಹೆಡ್‌ಕ್ಲರ್ಕ್ ಮುಕುಂದಯ್ಯನವರಿಗೆ ಆಗಲೇ ಹೇಳಿಯಾಗಿದೆ. ಅಣ್ಣ ನಯವಾಗಿಯೇ ಮಾತಾಡಿದ. ಅದೇ ನನ್ನ ಮೈ ಉರಿಸಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

೨೦ ಸೆಪ್ಟೆಂಬರ್, ಭಾನುವಾರ

ಅತ್ತಿಗೆಯ ತವರು ತೀರ್ಥಹಳ್ಳಿಯಲ್ಲಿ ಹಿರಿಯರ ಪಕ್ಷ. ಅಣ್ಣ ಅತ್ತಿಗೆ ಇಬ್ಬರೂ ಮೊದಲ ಬಸ್ಸಿಗೆ ಹೋದರು. ನಾನು ಕೆಲಸ ಶುರು ಮಾಡಿದೆ.

ಗೋಡೆ ಕೊರೆಯುವ ಕಬ್ಬಿಣದ ಚಾಣವನ್ನು ಹೇರಂಬನಿಂದ ತಂದಿದ್ದೆ. ಸುತ್ತಿಗೆ ಇರಲಿಲ್ಲ. ಅಟ್ಟದಿಂದ ಅಪ್ಪನ ಕೊಡತಿ ಇಳಿಸಿದೆ. ಅಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು, ‘ಅದು ಗಂಧಕ್ಕೆ ಬಡಿಯೋ ಕೊಡತಿ ಕಣಾ. ಗೋಡೆಗೆ ತಾಗಿಸ್ತಾರಾ ಯಾರಾದ್ರೂ?’ ಅಂದಳು. ಮರದ ತುಂಡಿಗೆ ಗಂಧ ಯಾವುದು, ಗೋಡೆ ಯಾವುದು ಎಂದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಅವಳು ಒಳಗೆ ಹೋದಳು.

ಮೊದಲ ಏಟಿಗೆ ಕೈ ಝುಮ್ಮೆಂದಿತು. ಆಮೇಲೆ ಹದ ಸಿಕ್ಕಿತು. ಏಟಿಗೊಂದು ಹೆಂಟೆ ಬೀಳುತ್ತಿತ್ತು. ದಿನವಿಡೀ ಫೈಲುಗಳ ಮೇಲೆ ಸಹಿಗಾಗಿ ಕಾಯುವವನಿಗೆ ಹೊಡೆದ ಕೂಡಲೇ ಏನಾದರೂ ಬೀಳುವ ಸುಖ ಎಲ್ಲಿ ಸಿಗಬೇಕು? ಜಲಜ ಊಟಕ್ಕೆ ಕರೆದದ್ದು ಕೇಳಿಸಲೇ ಇಲ್ಲ. ಕೊಡತಿಯ ಹಿಡಿ ನನ್ನ ಕೈಗೆ ಹೇಳಿ ಮಾಡಿಸಿದಂತಿದೆ. ಅಪ್ಪನ ಕೈಯೂ ಇದೇ ಅಳತೆಯದು ಎಂದು ಅಮ್ಮ ಹೇಳುತ್ತಿದ್ದಳು.

೨೧ ಸೆಪ್ಟೆಂಬರ್, ಸೋಮವಾರ

ಅಣ್ಣ ಬಂದು ನೋಡಿದ. ಆಚೆ ಹಲಗೆ ಸಡಿಲಾಗಿ ಮಂಟಪ ಒಂದು ಬದಿಗೆ ವಾಲಿ, ಎರಡು ಕಂಬ ಮುರಿದಿವೆಯಂತೆ. ಅತ್ತಿಗೆ ಬೀದಿಗೆ ಕೇಳುವಂತೆ ಕೂಗಾಡಿದಳು. ‘ವೀಳ್ಯ ಹಿಡಿದು ಆಡಿದ ಮಾತು ಇದೇನಾ? ಮನೆಯಲ್ಲಿ ಇಲ್ದೇ ಇದ್ದಾಗ ಕನ್ನ ಕೊರೆಯೋರಿಗೆ ಎಂತ ಅಂತಾರೆ?’ ಅಣ್ಣ ಅವಳ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದ. ಹೋಗುವಾಗ, ‘ಕಂಬ ಮತ್ತೆ ಕೂರಿಸ್ತೀನಿ. ಇಲ್ಲಿಗೆ ಸಾಕು ಮಾಡಾ’ ಅಂದ.

ಒಳಗೆ ಬಂದರೆ ಜಲಜನೂ ಅದೇ ರಾಗ. ‘ಭಾವ ಇಷ್ಟು ಕೇಳ್ಕಳ್ತಾರೆ, ಬೆಂಚಿನ ಮೇಲೆ ಇಟ್ರೆ ಎಂತ ಆಗ್ತದೆ?’ ನನ್ನ ಕೈಯಲ್ಲಿದ್ದ ಕಾಫಿ ಲೋಟ ಗೋಡೆಗೆ ಹೋಗಿ ಬಿತ್ತು. ಅವಳ ಕಿವಿಯ ಪಕ್ಕದಲ್ಲೇ ಹೋಯಿತು ಎಂದು ಆಮೇಲೆ ಅತ್ತಳು. ತಾಗಲಿಲ್ಲ. ತಾಗುವ ಹಾಗೆ ನಾನು ಎಸೆದಿರಲೂ ಇಲ್ಲ. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಯಾಕೆಂದರೆ ಹೆಂಗಸರು ಆಮೇಲೆ ಕತೆ ಬೆಳೆಸುತ್ತಾರೆ.

೨೩ ಸೆಪ್ಟೆಂಬರ್, ಬುಧವಾರ

ಪಾಡ್ಯ. ಅಮ್ಮ ಆಚೆಗೆ ಹೋದಳು. ಟ್ರಂಕು ಮುಟ್ಟಿಸಲು ಎದ್ದರೆ, ಬೇಡ ಎಂದು ತಾನೇ ಎತ್ತಿಕೊಂಡಳು. ಅಂಗಳದವರೆಗೆ ಹೋಗಿ ತಿರುಗಿ, ‘ಕೊಡತಿ ಕೊಡ್ತೀಯಾ, ನನ್ನ ಟ್ರಂಕಲ್ಲಿ ಇಟ್ಕಳ್ತೀನಿ’ ಅಂದಳು. ನಾನು ಕೊಡಲಿಲ್ಲ.

೨೭ ಸೆಪ್ಟೆಂಬರ್, ಭಾನುವಾರ

ಬೆಳಿಗ್ಗೆ ಕೇರಿಯ ಹೆಂಗಸರೆಲ್ಲ ಪೌರಾಣಿಕ ಧಾರಾವಾಹಿ ನೋಡಲು ಸ್ನಾನ ಮಾಡಿ ಬಂದು ಕೂತಿದ್ದರು. ಟೀವಿ ಹಾಕಿದರೆ ಬರೀ ಬಿಳಿ. ಹೊರಗೆ ಬಂದು ನೋಡಿದೆ, ಆಂಟೆನಾ ತಂತಿ ತುಂಡಾಗಿ ಅಣ್ಣನ ಮಾಡಿನ ಮೇಲೆ ಬಿದ್ದಿತ್ತು. ಇದು ಯಾರ ಕೆಲಸ ಎಂದು ಇನ್ನು ಯಾರನ್ನು ಕೇಳುವುದು? ಅಂಗಳದಲ್ಲಿ ಗೋಡೆಯಿಂದ ತೆಗೆದ ಹೆಂಟೆ ರಾಶಿ ಇತ್ತು. ಒಂದೊಂದೇ ಎತ್ತಿ ಅವನ ಮಾಡಿಗೆ ಬೀಸಿದೆ. ಹಂಚು ಒಡೆಯುವ ಸದ್ದಿಗೆ ಹೆಂಗಸರು ಎದ್ದು ಹೋದರು. ಒಂದು ಹೆಂಟೆ ಹಂಚು ಒಡೆದುಕೊಂಡು ಒಳಗೆ ಬಿದ್ದು, ಅತ್ತಿಗೆಯ ಹೆಗಲಿಗೆ ತಾಗಿತಂತೆ. ಒಳಗಿದ್ದದ್ದು ಅವಳ ತಪ್ಪು, ಸದ್ದು ಕೇಳಿದ ಕೂಡಲೇ ಹೊರಗೆ ಬರಬೇಕಿತ್ತು.

ಮಧ್ಯಾಹ್ನ ಹೇರಂಬ ಬಂದು ತಂತಿಯ ತುದಿ ತೋರಿಸಿದ. ‘ಮಂಗ ಕಚ್ಚಿದ್ದು ಸಾರ್. ಹಲ್ಲಿನ ಗುರುತು ನೋಡಿ.’ ಇರಬಹುದು. ಆದರೂ ಅಣ್ಣ ಏಣಿ ಹಾಕಿ ಹಂಚು ಹೊದಿಸುತ್ತಿದ್ದಾಗ ಅವನ ಮುಖ ನೋಡಿದೆ. ಮಂಗ ಕತ್ತರಿಸದಿದ್ದರೆ ಅವನೇ ಕತ್ತರಿಸುತ್ತಿದ್ದ.

೧ ಅಕ್ಟೋಬರ್, ಗುರುವಾರ

ಆಯುಧಪೂಜೆ. ಕಚೇರಿಯಲ್ಲಿ ಟೈಪ್‌ರೈಟರಿಗೆ ಹೂ ಮುಡಿಸಿ, ಮಂಡಕ್ಕಿ ತಿಂದು ಬೇಗ ಬಂದೆ. ಅಣ್ಣ ಮಡಿಪಂಚೆ ಉಟ್ಟು ನಮ್ಮ ಹಜಾರದಲ್ಲಿ ಕೂತಿದ್ದ.

‘ಕೊಡತಿ ಕೊಡಾ ಮಂಜಾ. ಪೂಜೆ ಮಾಡಿ ಸಂಜೆಗೆ ಕಳಿಸ್ತೀನಿ.’

‘ಈ ವರ್ಷ ಇಲ್ಲ. ನನ್ನ ಕೆಲಸ ಮುಗಿದಿಲ್ಲ’ ಅಂದೆ.

ಕೊಡತಿ ಗೂಡಿನಲ್ಲೇ ಇತ್ತು. ಅವನು ಎದ್ದು ಹೋಗಿ ಎತ್ತಿಕೊಂಡ. ಚಾಣದ ತಲೆಗೆ ಬಡಿದು ಬಡಿದು ಅದರ ಮುಖ ಸೀಳಿದೆ. ಸೀಳಿನೊಳಗೆ ಮಣ್ಣು ಕೂತಿದೆ. ಅವನು ಹೆಬ್ಬೆರಳಿನಿಂದ ಅದನ್ನು ಉಜ್ಜಿದ, ಬಿಡಲಿಲ್ಲ. ಪಂಚೆಯ ತುದಿಯಿಂದ ಉಜ್ಜಿದ.

‘ಅಜ್ಜನ ಕಾಲದ್ದು. ಗಂಧ ಬಿಟ್ಟು ಬೇರೆ ಮುಟ್ಬಾರದು ಇದು.’

‘ಮುಟ್ಬಾರದಾ? ನಿನ್ನ ಬೆನ್ನನ್ನ ಕೇಳಿ ನೋಡು’ ಅಂದೆ. ಮಾತು ಸರಿಯಾದ ಜಾಗಕ್ಕೆ ಬಿತ್ತು ಎಂದು ನನಗೆ ಖುಷಿಯಾಯಿತು.

‘ಅದ್ಕೇ ಕೇಳ್ತಿರೋದು’ ಅಂದ. ‘ಅಪ್ಪ ಕೆಡಿಸಿದ್ದನ್ನ ವರ್ಷಕ್ಕೊಂದು ಸಲ ಆದ್ರೂ ತೊಳೀಬೇಕಲ್ದಾ.’

ಕೊಡತಿಯನ್ನು ಕಿತ್ತುಕೊಳ್ಳಲು ಹೋದೆ. ಅವನು ಬಿಡಲಿಲ್ಲ. ಇಬ್ಬರೂ ಹಿಡಿದು ಎಳೆದೆವು. ನಾನು ನೂಕಿದಾಗ ಅವನ ಹಣೆ ಬಾಗಿಲಿನ ದಾರಂದಕ್ಕೆ ಬಡಿಯಿತು. ರಕ್ತ ಹುಬ್ಬಿಗಿಳಿದು, ಅಲ್ಲಿಂದ ಮಡಿಪಂಚೆಯ ಮೇಲೆ ಬಿತ್ತು. ಜಲಜ ಅರಿಶಿನ ತರಲು ಓಡಿದಳು. ಅವನು ಅರಿಶಿನಕ್ಕೆ ಕಾಯದೆ, ಕೊಡತಿಯನ್ನು ನನ್ನ ಕೈಯಲ್ಲೇ ಬಿಟ್ಟು ಹೋದ. ಕೊಡತಿಗೂ ಒಂದಿಷ್ಟು ರಕ್ತ ತಾಗಿತ್ತು. ಈ ವರ್ಷದ ಕುಂಕುಮ ಆಯಿತು ಅಂದುಕೊಂಡೆ.

ನೂಕಿದ್ದು ಹೌದು. ಹೊಡೆಯಲಿಲ್ಲ. ನೂಕುವುದು ಬೇರೆ, ಹೊಡೆಯುವುದು ಬೇರೆ.

೪ ಅಕ್ಟೋಬರ್, ಭಾನುವಾರ

ಇವತ್ತು ಮುಗಿಸಲೇಬೇಕು ಎಂದು ಬೆಳಿಗ್ಗೆಯೇ ಇಳಿದೆ. ನನ್ನ ಪಾಲಿನ ಅರ್ಧ ಮುಗಿದು ನಾಲ್ಕು ದಿನವಾಗಿತ್ತು. ಟೀವಿಯ ಗೂನು ಇನ್ನೂ ಒಳಗೆ ಹಿಡಿಸುತ್ತಿರಲಿಲ್ಲ. ಅಣ್ಣನ ಅರ್ಧಕ್ಕೆ ಚಾಣ ಇಟ್ಟೆ. ಅವನ ಅರ್ಧದ ಇಟ್ಟಿಗೆಯೂ ನನ್ನ ಅರ್ಧದ ಹಾಗೇ ಉದುರುತ್ತದೆ, ವ್ಯತ್ಯಾಸವೇನಿಲ್ಲ.

ಒಂದು ಏಟಿಗೆ ಚಾಣ ಸರ್ರನೆ ಆಚೆಗೆ ಹೋಯಿತು. ತೂತಿನಿಂದ ಬೆಳಕು ಬಂತು. ಅದರ ಹಿಂದೆಯೇ ಗಂಧದ ವಾಸನೆ. ಪಾಲಾದ ಮೇಲೆ ಈ ಹಜಾರದಲ್ಲಿ ಅದು ಇಷ್ಟು ಗಾಢವಾಗಿ ಬಂದದ್ದೇ ಇಲ್ಲ.

ಆಚೆಯಿಂದ ಅಮ್ಮ ಕೂಗಿದಳು. ‘ಮಂಜಾ, ನಿಲ್ಸಾ. ಮಂಟಪದ ಮೇಲೆ ಬೀಳ್ತದೆ.’ ಅತ್ತಿಗೆ ಏನೋ ಎಳೆಯುವ ಸದ್ದು. ಅಣ್ಣ, ‘ನೀ ಆ ಕಡೆ ಹಿಡಿ, ಗೋಡೆ ನಾ ನೋಡ್ಕಳ್ತೀನಿ’ ಅನ್ನುತ್ತಿದ್ದ. ನಾನು ಇನ್ನಷ್ಟು ಜೋರಾಗಿ ಹೊಡೆದೆ. ತೂತು ತಲೆ ಹಿಡಿಸುವಷ್ಟಾಯಿತು. ಇಟ್ಟಿಗೆ ಆಚೆಗೆ ಬೀಳುತ್ತಿದ್ದವು.

ಆಗ ಅಣ್ಣನ ಬಲಗೈ ತೂತಿನೊಳಗೆ ಬಂತು. ಅಂಗೈ ನನ್ನ ಕಡೆಗೆ, ಬೆರಳು ಅಗಲ. ಚಿಕ್ಕಂದಿನಲ್ಲಿ ನನ್ನ ಮುಂದೆ ನಿಂತು ಅಪ್ಪನಿಗೆ ತೋರಿಸುತ್ತಿದ್ದನಲ್ಲ, ಅದೇ ಕೈ, ಹಾಗೇ.

ಕೊಡತಿ ಎತ್ತಿಯಾಗಿತ್ತು. ಎತ್ತಿದ್ದು ಇಳಿಯಲೇಬೇಕಲ್ಲ. ಇಟ್ಟಿಗೆಯ ಅಂಚಿಗೂ ಕೊಡತಿಗೂ ನಡುವೆ ಬೆರಳು ಸಿಕ್ಕಿತು. ಅವನು ಕೂಗಲಿಲ್ಲ. ಕೈ ಹಿಂದಕ್ಕೂ ಹೋಗಲಿಲ್ಲ, ಸಿಕ್ಕಿಕೊಂಡಿತ್ತೋ ಏನೋ. ಎರಡನೆಯ ಏಟು ಹೇಗೆ ಬಿತ್ತು ಎಂದು ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ.

ಕೈ ಜಾರಿತು.

೫ ಅಕ್ಟೋಬರ್, ಸೋಮವಾರ

ಅಣ್ಣನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದಾರೆ. ತೋರುಬೆರಳು, ನಡುಬೆರಳು ತೆಗೆಯಬೇಕಾಯಿತಂತೆ. ಡಾಕ್ಟರು ಕೇಳಿದಾಗ, ‘ಕೆತ್ತುವಾಗ ನಂದೇ ಕೈ ಜಾರ್ತು’ ಅಂದನಂತೆ. ಅವನೇ ಹಾಗೆ ಹೇಳಿದ ಮೇಲೆ ನಾನು ಬೇರೆ ಹೇಳುವುದು ಏನಿದೆ.

೮ ಅಕ್ಟೋಬರ್, ಗುರುವಾರ

ಟೀವಿ ಗೂಡಿನಲ್ಲಿ ಕೂತಿತು. ಹೇರಂಬ ಬೆಳಿಗ್ಗೆಯಿಂದ ಒಂದೂ ತಮಾಷೆ ಮಾಡಲಿಲ್ಲ. ತೂತಿನ ಕೆಳಗಿನ ಇಟ್ಟಿಗೆಯ ಕಲೆಯನ್ನು ನೋಡಿ, ಮೊದಲು ಅದಕ್ಕೆ ಸುಣ್ಣ ಬಳಿದ. ಗೂನು ಆಚೆಗೆ ಒಂದು ಗೇಣು ಚಾಚಿಕೊಂಡಿದೆ. ‘ತಂತಿ ಈಚೆ ತರಕ್ಕೆ ಜಾಗ ಇಲ್ಲ ಸಾರ್. ಎಲ್ಲಾ ಆಚೆ ಗೋಡೆ ಮೇಲೇ ಹೋಗ್ಬೇಕು. ಅವ್ರನ್ನ ಕೇಳ್ಬೇಕಲ್ದಾ?’

‘ಕೇಳಿಯಾಗಿದೆ’ ಅಂದೆ.

ಅವನು ಆಚೆ ಹೋಗಿ, ಅಣ್ಣನ ಗೋಡೆಯ ಉದ್ದಕ್ಕೂ ಮೊಳೆ ಹೊಡೆದು, ಕರೆಂಟಿನ ತಂತಿ, ಆಂಟೆನಾ ತಂತಿ ಎರಡನ್ನೂ ಮಾಡಿನವರೆಗೆ ಎಳೆದು ಬಂದ. ಅಣ್ಣ ನಿನ್ನೆ ಆಸ್ಪತ್ರೆಯಿಂದ ಬಂದಿದ್ದಾನೆ. ಗೋಡೆಯ ಕಡೆ ಬೆನ್ನು ಹಾಕಿ ಮಲಗಿದ್ದನಂತೆ. ಅತ್ತಿಗೆ, ‘ಮೊಳೆ ಹೊಡಿಯೋದು ಮುಗೀತಾ?’ ಎಂದಷ್ಟೇ ಕೇಳಿದಳಂತೆ. ಇಷ್ಟು ಸುಲಭವಾಗಿ ಒಪ್ಪುವವರು ಮೊದಲೇ ಒಪ್ಪಿದ್ದರೆ ಯಾರಿಗೂ ತೊಂದರೆ ಇರುತ್ತಿರಲಿಲ್ಲ.

ಈಚೆ ಕಡೆ ನಾನು ಅಂಚಿಗೆ ಬೀಟೆ ಪಟ್ಟಿ ಹೊಡೆದೆ. ಗಾಜಿ‌ನ ಮುಖ ಗೋಡೆಗೆ ಸಮ. ಸಾಹೇಬರ ಭಾವನ ಮನೆಯದಕ್ಕಿಂತ ಚೆನ್ನಾಗಿದೆ. ನಮ್ಮ ಕಡೆಯಿಂದ ಒಂದು ತಂತಿಯೂ ಕಾಣುವುದಿಲ್ಲ.

೯ ಅಕ್ಟೋಬರ್, ಶುಕ್ರವಾರ

ಎಲ್ಲರೂ ರಜೆ ಹಾಕಿ ನಮ್ಮ ಮನೆಯಲ್ಲಿ ಮ್ಯಾಚ್ ನೋಡಿದರು. ಮುಕುಂದಯ್ಯನವರು ಬಾಗಿಲಲ್ಲೇ ನಿಂತು, ‘ತಂತಿ ಎಲ್ಲಿ ಮಾರಾಯ, ಗಾಳೀಲಿ ನಡೀತದಾ ಇದು?’ ಅಂದರು. ಆಮೇಲೆ ಕಿವಿ ಕೊಟ್ಟು, ‘ಆಚೆ ಟಕಟಕ ಇವತ್ತು ಇಲ್ವಲ್ಲ’ ಎಂದು ಕೇಳಿದರು. ಅಣ್ಣನಿಗೆ ರಜೆ ಅಂದೆ. ನಿಜ ಹೇಳಬೇಕೆಂದರೆ ಆ ಸದ್ದು ಇಲ್ಲದ್ದು ಹಿತವಾಗಿದೆ. ಕಾಮೆಂಟರಿ ಸ್ಪಷ್ಟ ಕೇಳುತ್ತದೆ.

ಗೆಲ್ಲುವ ಮ್ಯಾಚನ್ನು ನಮ್ಮವರು ಒಂದೇ ಒಂದು ರನ್ನಿಗೆ ಸೋತರು. ಎಲ್ಲರೂ ಹೋದ ಮೇಲೆ ನಾನು ಕುರ್ಚಿಯನ್ನು ಒದ್ದೆ. ಜಲಜ ಲೋಟಗಳನ್ನು ಒಟ್ಟುಮಾಡುತ್ತಿದ್ದವಳು ತಲೆ ಎತ್ತದೆ ಹೇಳಿದಳು. ‘ಒಂದು ರನ್ನಿಗೆ ಇಷ್ಟು ಸಂಕಟ ಪಟ್ರಿ. ಎರಡು ಬೆರಳಿಗೆ ಒಂದು ಮಾತು ಆಡ್ಲಿಲ್ಲ.’

ಕೆನ್ನೆಗೆ ಹೊಡೆದೆ. ಅವಳು ತಿರುಗಿ ಬಿದ್ದ ರಭಸಕ್ಕೆ ಬಾಯಿ ಬೀಟೆ ಪಟ್ಟಿಯ ಮೂಲೆಗೆ ತಾಗಿ ತುಟಿ ಸೀಳಿತು. ಒಂದು ಹಲ್ಲೂ ಅಲ್ಲಾಡುತ್ತಿದೆ. ಲೋಟಗಳು ಚೆಲ್ಲಾಪಿಲ್ಲಿಯಾದವು. ಕೈ ಜಾರಿದ್ದು ಅಷ್ಟೇ, ಅವಳಿಗೂ ಅದು ಗೊತ್ತು. ಪುಣ್ಯಕ್ಕೆ ಟೀವಿಯ ಗಾಜಿಗೆ ಏನೂ ಆಗಲಿಲ್ಲ.

೧೨ ಅಕ್ಟೋಬರ್, ಸೋಮವಾರ

ಜಲಜ ಹೊಸನಗರಕ್ಕೆ ಕೊಟ್ಟ ನಮ್ಮ ಮಗಳ ಮನೆಗೆ ಹೋದಳು. ಬಸ್‌ಸ್ಟ್ಯಾಂಡಿನಲ್ಲಿ ಕೇಳಿದವರಿಗೆ ಬಾಗಿಲು ತಾಗಿತು ಅಂದಳಂತೆ. ಒಳ್ಳೆಯ ಹೆಂಗಸು, ಮನೆಯ ಮಾತು ಮನೆಯಲ್ಲಿಡುತ್ತಾಳೆ. ಯಾವಾಗ ಬರುತ್ತೀ ಎಂದು ಕೇಳಿದ್ದಕ್ಕೆ ಚೀಲ ಎತ್ತಿಕೊಂಡು ಅಂಗಳಕ್ಕಿಳಿದಳು. ಬರುತ್ತಾಳೆ, ಎಲ್ಲಿಗೆ ಹೋಗುತ್ತಾಳೆ.

ಸುದ್ದಿ ನೋಡುವಾಗ ಕೈ ಮೇಲೆ ಸೊಳ್ಳೆ ಕೂತಿತ್ತು. ಒಂದೇ ಏಟಿಗೆ ಸತ್ತಿತು.

೨೩ ಅಕ್ಟೋಬರ್, ಶುಕ್ರವಾರ

ದೀಪಾವಳಿ ಪಾಡ್ಯ. ಅಮ್ಮ ನನ್ನ ಕಡೆಗೆ ಬರುವ ದಿನ. ಬರಲಿಲ್ಲ. ಹೊತ್ತು ಇಳಿಯುವವರೆಗೆ ಕಾದು ನಾನೇ ಹೋದೆ.

ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಳು. ‘ಅತ್ತೆ ಈ ತಿಂಗಳು ಇಲ್ಲೇ ಇರ್ತಾರೆ.’ ಪಾಲು ಅಂದರೆ ಪಾಲು, ಅಮ್ಮನೇನು ನಿನ್ನೊಬ್ಬಳ ಆಸ್ತಿಯಾ ಎಂದು ಕೇಳಿ, ಅವಳ ಮಣಿಕಟ್ಟು ಹಿಡಿದು ಪಕ್ಕಕ್ಕೆ ತಿರುಚಿದೆ. ಬಳೆ ಒಡೆದು ಕೈಗೆ ಚುಚ್ಚಿತು. ಒಳಗೆ ಹೋದೆ.

ಪಾಲಾದ ಮೇಲೆ ಆ ಕಡೆಯಿಂದ ನಡುಗೋಡೆಯನ್ನು ಸರಿಯಾಗಿ ನೋಡಿದ್ದು ಇದೇ ಮೊದಲು. ಗೋಡೆಯಿಂದ ಟೀವಿಯ ಕಪ್ಪು ಗೂನು ಹೊರಗೆ ಬಂದಿದೆ. ತಂತಿಗಳು ಗೋಡೆಯ ತುಂಬ. ಅದರ ಕೆಳಗೆ ಮಂಟಪಕ್ಕೆ ಹಳೆಯ ಸೀರೆ ಮುಚ್ಚಿದ್ದಾರೆ. ಮುಂಬೈಯವರು ಬಂದು ನೋಡಿ, ಬೇರೆಯವರ ಕೈಯಲ್ಲಿ ಮುಗಿಸಲು ಆಗುವುದಿಲ್ಲ ಎಂದು ಹಾಗೇ ಬಿಟ್ಟು ಹೋದರಂತೆ. ಅಣ್ಣ ಚಾಪೆಯ ಮೇಲೆ ಕೂತು, ಎಡಗೈಯಲ್ಲಿ ಉಳಿ ಹಿಡಿದು ಒಂದು ಚಕ್ಕೆಯ ಮೇಲೆ ಗೆರೆ ಎಳೆಯುತ್ತಿದ್ದ. ಗೆರೆ ನೆಟ್ಟಗೆ ಬರುತ್ತಿರಲಿಲ್ಲ. ಹೆರೆದು ತೆಗೆದು ಮತ್ತೆ ಎಳೆಯುತ್ತಿದ್ದ. ನನ್ನನ್ನು ನೋಡಿ ಉಳಿ ಕೆಳಗಿಟ್ಟ.

‘ಅಮ್ಮಾ, ನಿನಗೆ ಬ್ಯಾಡ ಅಂದ್ರೆ ಹೋಗ್ಬೇಡ’ ಅಂದ. ‘ನಾನು ನೋಡ್ಕಳ್ತೀನಿ.’

ಅಮ್ಮ ಅವನ ಕೈಯ ಬಟ್ಟೆಯನ್ನು ನೋಡಿದಳು. ಎದ್ದು ಟ್ರಂಕು ಎತ್ತಿಕೊಂಡಳು. ‘ನೀನು ನೋಡ್ಕಂಡಿದ್ದು ಸಾಕು ಮಗಾ. ನಾನು ಅಲ್ಲಿದ್ರೆ ಗೋಡೆ ಸುಮ್ನಿರ್ತದೆ.’ ಅಣ್ಣ ತಲೆ ತಗ್ಗಿಸಿದ. ಅಳುತ್ತಿದ್ದನೋ ಏನೋ, ಎಡಗೈಯಿಂದ ಮುಖ ಮುಚ್ಚಿಕೊಂಡ.

ಗೋಡೆ ಸುಮ್ಮನೇ ಇದೆ, ಕೆಲಸ ಮುಗಿದು ಎಷ್ಟೋ ದಿನವಾಯಿತು. ವಯಸ್ಸಾದವರು ಏನೇನೋ ಮಾತಾಡುತ್ತಾರೆ.

೨೫ ಅಕ್ಟೋಬರ್, ಭಾನುವಾರ

ಅಮ್ಮ ಬಂದ ಮೇಲೆ ಮನೆ ಮನೆಯಂತಾಗಿದೆ. ಮಾತು ಕಡಿಮೆ. ಧಾರಾವಾಹಿ ನೋಡಲು ಕರೆದರೆ ಕಣ್ಣು ನೋವು ಅಂದಳು. ಕೇರಿಯ ಹೆಂಗಸರೂ ಈಗ ಬರುವುದಿಲ್ಲ. ಇಡೀ ಹಜಾರಕ್ಕೆ ನಾನೊಬ್ಬನೇ ಕೂತು ನೋಡಿದೆ. ಚಿತ್ರ ಬಹಳ ಚೆನ್ನಾಗಿ ಬಂತು.

ಬೀಟೆ ಪಟ್ಟಿಯ ಒಂದು ಮೂಲೆ, ಜಲಜನ ಬಾಯಿ ತಾಗಿದ್ದಲ್ಲಿ, ಸ್ವಲ್ಪ ಎದ್ದಿತ್ತು. ಕೊಡತಿಯಿಂದ ಮೆಲ್ಲಗೆ ಬಡಿದು ಕೂರಿಸಿದೆ. ಕಾಫಿ ಬೇಕೆನಿಸಿತು. ಕೊಡತಿ ಕೈಯಲ್ಲೇ ಇತ್ತು, ಹಾಗೇ ಅಡಿಗೆಮನೆಗೆ ಹೋದೆ. ಅಮ್ಮ ಒಲೆಯ ಮುಂದೆ ಸಾರು ಕೈಯಾಡಿಸುತ್ತಿದ್ದಳು. ನನ್ನ ಹೆಜ್ಜೆಯ ಸದ್ದಿಗೆ ಅವಳ ಎಡಗೈ ಎದ್ದು ಮುಖಕ್ಕೆ ಅಡ್ಡ ಬಂತು. ಸಟ್ಟುಗದ ಸಮೇತ. ಬಿಸಿ ಸಾರು ಅವಳ ಮೊಣಕೈಯವರೆಗೆ ಇಳಿಯಿತು. ಕೊಡವಿಕೊಳ್ಳಲೂ ಇಲ್ಲ.

‘ಅಮ್ಮಾ, ನಾನು ಮಂಜ’ ಅಂದೆ.

‘ಗೊತ್ತಾತು’ ಅಂದಳು. ಕೈ ಮಾತ್ರ ಇಳಿಸಲಿಲ್ಲ.

ಪಾಪ, ಅವಳಿಗೆ ಕಣ್ಣು ಪೂರ್ತಿ ಮಂಜಾಗಿರಬೇಕು. ಅಡಿಗೆಮನೆಯ ಬಲ್ಬೂ ತೀರಾ ಚಿಕ್ಕದು. ನಾಳೆ ಹೇರಂಬನಿಗೆ ಹೇಳಿ ದೊಡ್ಡದೊಂದು ಹಾಕಿಸಬೇಕು. ಬಂದವನು ಯಾರೆಂದು ಅಮ್ಮನಿಗೆ ಸರಿಯಾಗಿ ಕಾಣಬೇಕು.